ಕಬ್ಬಿನ ದುಡ್ಡಿನಿಂದಲೇ ಪಾಠ ಶುರು ಮಾಡಿ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನದ ಪಾಠಗಳನ್ನು ಮಕ್ಕಳು ಬಾಯಿಪಾಠ ಮಾಡಿ ಮುಗಿಸುತ್ತಾರೆ. ಹಣ ನಿಭಾಯಿಸೋದನ್ನೂ ಕಲಿಸಬೇಕು ಅಂತ ನನಗೆ ಆಸೆ. ಆದರೆ ಇಂಟರ್ನೆಟ್‌ನಲ್ಲಿ ಹುಡುಕಿದರೆ ಎಲ್ಲ ಇಂಗ್ಲಿಷ್, ಅದೂ ಡಾಲರ್ ಲೆಕ್ಕ. ಉಚಿತವಾಗಿ ಸಿಗುವ, ನಂಬಬಹುದಾದ ಸಾಮಗ್ರಿ ಏನಿದೆ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ನಮ್ಮ ಮನೆಯಲ್ಲಿ ಅಮ್ಮ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಒಂದು ಚೀಟಿಯಲ್ಲಿ ಹೋಯಿತು. ಆ ಚೀಟಿ ನೋಂದಣಿ ಆಗಿದೆಯೇ ಅಂತ ಕೇಳಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನನಗೂ ಗೊತ್ತಿರಲಿಲ್ಲ. ಅದಕ್ಕೇ ಈ ಪಾಠ ಶಾಲೆಯಲ್ಲೇ ಆಗಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ನೀವು ನೋಡಿರುವ ಡಾಲರ್ ಲೆಕ್ಕದ ತಾಣಗಳು ಕೆಟ್ಟವಲ್ಲ. ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ಶಿಕ್ಷಕರಿಗಾಗಿ ಕೊಡುವ ಉಚಿತ ಪಾಠಗಳು, ಖಾನ್ ಅಕಾಡೆಮಿಯ ವಿಡಿಯೋಗಳು ಬಹಳ ಚೆನ್ನಾಗಿವೆ. ಬೇಡಿಕೆ, ಪೂರೈಕೆ, ಒಂದನ್ನು ಆರಿಸಿಕೊಂಡರೆ ಇನ್ನೊಂದನ್ನು ಬಿಡಬೇಕಾಗುತ್ತದೆ ಎಂಬಂಥ ವಿಷಯಗಳು ಎಲ್ಲಿ ಹೋದರೂ ಒಂದೇ. ಅವುಗಳನ್ನು ನೀವು ನೋಡಿ ಅರ್ಥ ಮಾಡಿಕೊಳ್ಳಿ, ಮಕ್ಕಳಿಗೆ ನಿಮ್ಮ ಮಾತಿನಲ್ಲಿ ಹೇಳಿ. ಅಲ್ಲಿನ ತೆರಿಗೆ, ಪಿಂಚಣಿಯ ಭಾಗ ನಮಗೆ ಬೇಕಿಲ್ಲ, ಬಿಟ್ಟುಬಿಡಿ.

ನಮ್ಮಲ್ಲಿ ಮೊದಲು ನೋಡಬೇಕಾದದ್ದು ಎರಡು ಕಡೆ. ಒಂದು, ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ, ಅಂದರೆ ಎನ್‌ಸಿಎಫ್‌ಇ. ರಿಸರ್ವ್ ಬ್ಯಾಂಕ್, ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ, ವಿಮೆ ಮತ್ತು ಪಿಂಚಣಿ ನಿಯಂತ್ರಣ ಪ್ರಾಧಿಕಾರಗಳು ನಾಲ್ಕೂ ಸೇರಿ ಕಟ್ಟಿದ ಸಂಸ್ಥೆ ಇದು. ಶಾಲಾ ಮಕ್ಕಳಿಗೆ ಅಭ್ಯಾಸ ಪುಸ್ತಕಗಳಿವೆ, ಶಿಕ್ಷಕರಿಗೆ ತರಬೇತಿ ಇದೆ. 6ರಿಂದ 12ನೇ ತರಗತಿಯವರಿಗೆ ಎನ್‌ಫ್ಲಾಟ್ ಎಂಬ ಪರೀಕ್ಷೆಯನ್ನೂ ನಡೆಸುತ್ತಾರೆ. ಇನ್ನೊಂದು, ರಿಸರ್ವ್ ಬ್ಯಾಂಕಿನದೇ ಹಣಕಾಸು ಶಿಕ್ಷಣದ ಪುಟ. ಅಲ್ಲಿ 'ಫೇಮ್' ಎಂಬ ಚಿಕ್ಕ ಪುಸ್ತಿಕೆ ಕನ್ನಡದಲ್ಲೇ ಸಿಗುತ್ತದೆ. ಆನ್‌ಲೈನ್ ಮೋಸಗಳ ಬಗ್ಗೆ ಚಿತ್ರಕಥೆಗಳೂ ಇವೆ. ಎಲ್ಲವನ್ನೂ ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್‌ನಿಂದ ತೆರೆಯುವ ದೀಕ್ಷಾ ಪಾಠಗಳನ್ನೂ ಹಾಗೇ ಇಳಿಸಿಟ್ಟುಕೊಳ್ಳಬಹುದು.

ಇಷ್ಟಿದ್ದರೂ ಈ ಸಾಮಗ್ರಿಯನ್ನು ಮೊದಲ ದಿನವೇ ಮಕ್ಕಳ ಮುಂದೆ ಇಡಬೇಡಿ. 'ಉಳಿತಾಯ ಒಳ್ಳೆಯದು' ಎಂಬ ವಿಡಿಯೋ ಹಾಕಿದರೆ ಅದನ್ನೂ ಬಾಯಿಪಾಠ ಮಾಡುತ್ತಾರೆ, ಅಷ್ಟೆ. ನಿಮ್ಮ ಮಕ್ಕಳ ಮನೆಯಲ್ಲಿ ದುಡ್ಡಿನ ಮಾತು ದಿನಾ ನಡೆಯುತ್ತದೆ. 'ಕಬ್ಬಿನ ದುಡ್ಡು ಬಂದ ಮೇಲೆ ಕೊಡ್ತೀನಿ' ಎನ್ನುವ ಮಾತನ್ನು ಕೇಳದ ಮಗು ಮಂಡ್ಯ ಜಿಲ್ಲೆಯಲ್ಲಿ ಇರಲಾರದು. ಆ ಒಂದು ಮಾತಿನಲ್ಲಿ ಎಷ್ಟು ಪಾಠ ಇದೆ ನೋಡಿ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ, ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ಕಬ್ಬಿನ ಬೆಲೆ, ಅಂದರೆ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ, ಕ್ವಿಂಟಲ್‌ಗೆ 355 ರೂಪಾಯಿ. ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬೆಲೆಯನ್ನು ಸರ್ಕಾರ ಯಾಕೆ ನಿಗದಿ ಮಾಡುತ್ತದೆ? ಅದೇ ಕಬ್ಬು ಆಲೆಮನೆಗೆ ಹೋದರೆ ಏನಾಗುತ್ತದೆ? ವರ್ಷಕ್ಕೊಮ್ಮೆ ಬರುವ ದುಡ್ಡನ್ನು ಹನ್ನೆರಡು ತಿಂಗಳಿಗೆ ಹಂಚುವುದು ಹೇಗೆ? ಈ ಮೂರನೆಯ ಪ್ರಶ್ನೆಗೆ ತಿಂಗಳ ಸಂಬಳದವರಿಗಾಗಿ ಬರೆದ ಯಾವ ಬಜೆಟ್ ಪಾಠದಲ್ಲೂ ಉತ್ತರ ಇಲ್ಲ. ನಿಮ್ಮ ತರಗತಿಯೇ ಅದನ್ನು ಕಂಡುಕೊಳ್ಳಬೇಕು.

ಬೆಲೆಯ ಪಾಠಕ್ಕೆ 'ಕೃಷಿ ಮಾರಾಟ ವಾಹಿನಿ' ತಾಣ ತೆರೆಯಿರಿ. ರಾಜ್ಯದ ಎಪಿಎಂಸಿಗಳ ದಿನದ ಧಾರಣೆ ಅಲ್ಲಿ ಸಿಗುತ್ತದೆ. ಮಂಡ್ಯದ ಬೆಲ್ಲದ ಧಾರಣೆಯನ್ನು ಒಂದು ತಿಂಗಳು ಮಕ್ಕಳಿಂದಲೇ ಬರೆಸಿ, ಗೋಡೆಗೆ ಗ್ರಾಫ್ ಅಂಟಿಸಿ. ಪಕ್ಕದಲ್ಲೇ ಮದ್ದೂರಿನ ಎಳನೀರಿನ ಬೆಲೆ. ಬೇಸಿಗೆಯಲ್ಲಿ ಎಳನೀರಿನ ಗೆರೆ ಯಾಕೆ ಮೇಲೆ ಹೋಯಿತು ಅಂತ ಕೇಳಿದರೆ ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ.

ಸಾಲದ ಬಡ್ಡಿಗೆ ಮಾತ್ರ ಕನಿಷ್ಠ ನಾಲ್ಕು ಪೀರಿಯಡ್ ಇಡಿ. ನನ್ನ ಪ್ರಕಾರ ಇದು ಉಳಿತಾಯಕ್ಕಿಂತ ಮುಖ್ಯ. ಊರಿನಲ್ಲಿ 'ಮೂರು ರೂಪಾಯಿ ಬಡ್ಡಿ' ಅಂತಾರಲ್ಲ, ಅದು ನೂರಕ್ಕೆ ತಿಂಗಳಿಗೆ ಮೂರು. ವರ್ಷಕ್ಕೆ ಶೇ 36. ಹೇಳುವಾಗ ಮೂರು ಅಂತ ಚಿಕ್ಕದಾಗಿ ಕೇಳುತ್ತದೆ. ಇನ್ನೊಂದು ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸಿ. 12,000 ರೂಪಾಯಿ ಸಾಲ, 'ಫ್ಲಾಟ್' ಶೇ 12 ಬಡ್ಡಿ (ಅಸಲು ತೀರುತ್ತಾ ಹೋದರೂ ಪೂರ್ತಿ ಸಾಲದ ಮೇಲೇ ಬಡ್ಡಿ), ಒಂದು ವರ್ಷ. ಬಡ್ಡಿ 1,440 ಸೇರಿ ಒಟ್ಟು 13,440. ತಿಂಗಳ ಕಂತು 1,120. ಆದರೆ ಪ್ರತಿ ಕಂತಿನಲ್ಲಿ ಅಸಲು 1,000 ತೀರುತ್ತಾ ಹೋಗುತ್ತದೆ, ಅಲ್ವಾ? ಮೊದಲ ತಿಂಗಳು ನಮ್ಮ ಕೈಲಿ 12,000 ಇತ್ತು, ಕೊನೆಯ ತಿಂಗಳು ಬರೀ 1,000. ಸರಾಸರಿ ತೆಗೆದರೆ ವರ್ಷವಿಡೀ ನಮ್ಮ ಬಳಿ ಇದ್ದದ್ದು 6,500. ಅದಕ್ಕೆ 1,440 ಬಡ್ಡಿ ಅಂದರೆ ನಿಜವಾದ ದರ ಶೇ 22ರ ಹತ್ತಿರ. ಕೂಡಿಸೋದು, ಭಾಗಿಸೋದು ಬಂದರೆ ಸಾಕು, ಏಳನೇ ತರಗತಿಯವರೂ ಮಾಡುತ್ತಾರೆ. 

ಇದಾದ ಮೇಲೆ ಸಾಲದ 'ಮುಖ್ಯಾಂಶಗಳ ಪತ್ರ'ದ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಬಗ್ಗೆ ಹೇಳಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಮಾನ್ಯ ಜನರ ಸಾಲಕ್ಕೆಲ್ಲ ಇದನ್ನು ಕೊಡಲೇಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಶುಲ್ಕ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅಮ್ಮ ಸಂಘದ ಸಾಲಕ್ಕೆ ಸಹಿ ಹಾಕುವ ಮೊದಲು ಮಗಳು ಆ ದರವನ್ನು ಹುಡುಕಿ ಓದಿದರೆ ನಿಮ್ಮ ಪಾಠ ಮನೆ ಮುಟ್ಟಿದ ಹಾಗೆ. ಒಂದು ಎಚ್ಚರಿಕೆ ಮಾತ್ರ ಇರಲಿ. ನಿಮ್ಮ ಮನೆಯಲ್ಲಿ ಎಷ್ಟು ಸಾಲ ಇದೆ ಅಂತ ಯಾವ ಮಗುವನ್ನೂ ತರಗತಿಯಲ್ಲಿ ಕೇಳಬೇಡಿ. ಲೆಕ್ಕ ಯಾವಾಗಲೂ ಬೇರೆ ಯಾರದೋ ಮನೆಯದಾಗಿರಲಿ.

ಮಕ್ಕಳನ್ನು ಒಂದು ಪ್ರಶ್ನೆ ಕೇಳಿ ನೋಡಿ. ನೋಟು ಅಚ್ಚಾಗುವುದು ಇಲ್ಲೇ ಪಕ್ಕದ ಮೈಸೂರಿನಲ್ಲಿ. ನೋಟಿನ ಕಾಗದದ ಕಾರ್ಖಾನೆಯೂ ಅಲ್ಲೇ ಇದೆ. ಹಾಗಿದ್ದರೆ ಬೇಕಾದಷ್ಟು ಅಚ್ಚು ಹಾಕಿ ಎಲ್ಲರಿಗೂ ಹಂಚಬಹುದಲ್ಲ? ತರಗತಿಯಲ್ಲಿ ಹತ್ತೇ ಎಳನೀರು ಇವೆ ಅಂದುಕೊಂಡು ಹರಾಜು ಹಾಕಿ. ಮೊದಲ ಸಲ ಒಬ್ಬೊಬ್ಬರಿಗೆ 50 ರೂಪಾಯಿಯ ಕಾಗದದ ನೋಟು ಕೊಡಿ, ಎರಡನೇ ಸಲ 100. ಎಳನೀರು ಜಾಸ್ತಿ ಆಗಲಿಲ್ಲ, ಬೆಲೆ ಮಾತ್ರ ಏರಿತು ಅಂತ ಅವರೇ ಹೇಳುತ್ತಾರೆ. ಹಣದುಬ್ಬರ ಎಂಬ ಪದವನ್ನು ಆಮೇಲೆ ಬರೆಯಿರಿ.

ಷೇರು ಮಾರುಕಟ್ಟೆಯ ಆಟದ ಆ್ಯಪ್‌ಗಳನ್ನು ಶಾಲೆಗೆ ತರಬೇಡಿ ಎಂದೇ ನಾನು ಹೇಳುತ್ತೇನೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ನಡೆಯುವ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡರು ಎಂದು ಸೆಬಿಯ ಅಧ್ಯಯನವೇ ತೋರಿಸಿದೆ. ಹದಿನೈದರ ವಯಸ್ಸಿನಲ್ಲಿ ಆ ರುಚಿ ಹತ್ತಬಾರದು. ಯಾವುದೇ ವಿಡಿಯೋ ನೋಡಿದರೂ ಕೊನೆಗೆ ಏನು ಮಾಡಲು ಹೇಳುತ್ತಾರೆ ಅಂತ ಗಮನಿಸಿ. 'ಈ ಲಿಂಕ್ ಒತ್ತಿ ಖಾತೆ ತೆರೆಯಿರಿ' ಅಂತಿದ್ದರೆ ಅದು ಪಾಠ ಅಲ್ಲ, ಜಾಹೀರಾತು.

ಪ್ರಶ್ನೆ: ಮಗಳು ಮೈಸೂರಿನಲ್ಲಿ ಆರನೇ ತರಗತಿ ಓದುತ್ತಿದ್ದಾಳೆ, 11 ವರ್ಷ. ಹುಂಡಿಯಲ್ಲಿ ಸ್ವಲ್ಪ ದುಡ್ಡು ಕೂಡಿಟ್ಟಿದ್ದಾಳೆ. ಅವಳ ಹೆಸರಿನಲ್ಲೇ ಖಾತೆ ತೆರೆದು ಅವಳೇ ನಡೆಸಬಹುದೇ?

ಉತ್ತರ: ಖಂಡಿತ ನಡೆಸಬಹುದು. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. 2025ರಲ್ಲಿ ನಿಯಮಗಳನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕೇ ಎನ್ನುವುದನ್ನು ಆಯಾ ಬ್ಯಾಂಕ್ ತೀರ್ಮಾನ ಮಾಡುತ್ತದೆ. ಇರುವುದಕ್ಕಿಂತ ಜಾಸ್ತಿ ತೆಗೆಯಲು ಈ ಖಾತೆಯಲ್ಲಿ ಆಗುವುದಿಲ್ಲ, ಹಾಗಾಗಿ ಹೆದರಬೇಡಿ. ಅಂಚೆ ಕಚೇರಿಯಲ್ಲೂ ತೆರೆಯಬಹುದು.

ಆ್ಯಪ್ ಸದ್ಯಕ್ಕೆ ಬೇಡ. ಪಾಸ್‌ಬುಕ್ ತೆಗೆದುಕೊಳ್ಳಿ. ಚಲನ್ ಅವಳೇ ತುಂಬಲಿ, ತಪ್ಪಾದರೆ ಇನ್ನೊಂದು ತುಂಬಲಿ. ದುಡ್ಡು ಪಡೆಯಲು ಯಾವತ್ತೂ ಪಿನ್ ಒತ್ತಬೇಕಾಗಿಲ್ಲ ಎನ್ನುವುದನ್ನು ಇವತ್ತೇ ಹೇಳಿಕೊಡಿ. ಮೋಸ ಆದರೆ ಕರೆ ಮಾಡಬೇಕಾದ 1930 ನಂಬರನ್ನು ಪಾಸ್‌ಬುಕ್ಕಿನ ಒಳರಟ್ಟಿನ ಮೇಲೆ ಅವಳ ಕೈಯಲ್ಲೇ ಬರೆಸಿ. ಬ್ಯಾಂಕ್ ಖಾತೆಯಾದರೆ ಮೂರು ತಿಂಗಳ ಬಳಿಕ ಎಂಟ್ರಿ ಹಾಕಿಸಿದಾಗ ಬಡ್ಡಿ ಜಮಾ ಆದ ಸಾಲು ಕಾಣುತ್ತದೆ. ನಾಲ್ಕೈದು ರೂಪಾಯಿ ಇದ್ದರೂ ಇರಬಹುದು. ಅದು ಎಲ್ಲಿಂದ ಬಂತು ಅಂತ ಅವಳೇ ಕೇಳುತ್ತಾಳೆ, ಆಗ ಪೂರ್ತಿ ಸಮಯ ಕೊಟ್ಟು ಕೂತು ಹೇಳಿ.