ಎಫ್‌ಬಿಎನ್1 ವಂಶವಾಹಿಯಲ್ಲಿ ದೋಷವಿದೆ ಎಂದರೆ ಏನು? ಮನೆಯ ಉಳಿದವರಿಗೂ ಪರೀಕ್ಷೆ ಬೇಕೇ?

ನಿಮ್ಮ ಅಣ್ಣನ ಮಗನಿಗೆ ಎರಡೂ ಕಣ್ಣುಗಳ ಮಸೂರ ಜಾರಿದೆ, ಎಫ್‌ಬಿಎನ್1 ಎಂಬ ವಂಶವಾಹಿಯ ದೋಷದಿಂದ ಒಂದು ಸಿಸ್ಟೀನ್ ಇರಬೇಕಾದ ಕಡೆ ಟೈರೋಸಿನ್ (ಎರಡೂ ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳು) ಬಂದಿದೆ ಎಂದು ವರದಿ ಹೇಳುತ್ತದೆ ಎಂದು ಬರೆದಿದ್ದೀರಿ. ಈ ವಂಶವಾಹಿಯ ಕೆಲಸವೇನು, ಅಣ್ಣ ನಿಮ್ಮ ಅಕ್ಕನ ಮಗಳನ್ನೇ ಮದುವೆಯಾದದ್ದು ಇದಕ್ಕೆ ಕಾರಣವೇ, ನಿಮ್ಮ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಇಂಥ ವರದಿಗಳನ್ನು ಕುಟುಂಬದವರಿಗೆ ವಿವರಿಸುವುದೇ ನನ್ನ ಕೆಲಸವಾದ್ದರಿಂದ ತುಸು ವಿವರವಾಗಿ ಉತ್ತರಿಸುತ್ತೇನೆ.

ದೇಹದ ಅಂಗಾಂಶಗಳಲ್ಲಿ ಜೀವಕೋಶಗಳ ಸುತ್ತಲೂ ಅವೇ ಸ್ರವಿಸಿ ಕಟ್ಟಿಕೊಂಡ ಪ್ರೋಟೀನುಗಳ ಹಂದರವೊಂದಿರುತ್ತದೆ. 15ನೇ ವರ್ಣತಂತುವಿನಲ್ಲಿರುವ ಎಫ್‌ಬಿಎನ್1, ಆ ಹಂದರಕ್ಕೆ ಬೇಕಾದ ಫೈಬ್ರಿಲಿನ್-1 ಎಂಬ ಪ್ರೋಟೀನನ್ನು ತಯಾರಿಸುವ ಸೂಚನೆಯನ್ನು ಹೊತ್ತಿದೆ. ಜೀವಕೋಶದಿಂದ ಹೊರಬಂದ ಫೈಬ್ರಿಲಿನ್ ಅಣುಗಳು ಒಂದಕ್ಕೊಂದು ಕೂಡಿಕೊಂಡು ಸುಮಾರು 10 ನ್ಯಾನೋಮೀಟರ್ ದಪ್ಪದ ಸೂಕ್ಷ್ಮ ಎಳೆಗಳಾಗುತ್ತವೆ. ಮಹಾಪಧಮನಿಯ ಗೋಡೆಯಲ್ಲಿ ಈ ಎಳೆಗಳು ಎಲಾಸ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಸೇರಿ, ಹಿಗ್ಗಿ ಮತ್ತೆ ಕುಗ್ಗುವ ಗುಣವನ್ನು ಕಾಪಾಡುತ್ತವೆ. ಕಣ್ಣಿನ ಮಸೂರವನ್ನು ಸುತ್ತಲಿಂದ ಹಿಡಿದಿರುವ ನವಿರಾದ ತಂತುಗಳಂತೂ ಬಹುಪಾಲು ಇವುಗಳಿಂದಲೇ ಆದವು. ಹಾಗಾಗಿ ತೊಂದರೆ ಕಣ್ಣಿನಲ್ಲಿ ಮೊದಲು ಕಾಣಿಸಿಕೊಂಡದ್ದು ಆಶ್ಚರ್ಯವಲ್ಲ.

2,871 ಅಮೈನೋ ಆಮ್ಲಗಳ ಸರಣಿಯಲ್ಲಿ ಒಂದೇ ಒಂದು ಬದಲಾದರೆ ಇಷ್ಟೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಪ್ರೋಟೀನಿನಲ್ಲಿ ಒಂದೇ ಮಾದರಿಯ 47 ಚಿಕ್ಕ ಘಟಕಗಳು ಸಾಲಾಗಿವೆ, ಪ್ರತಿಯೊಂದರಲ್ಲೂ ಆರು ಸಿಸ್ಟೀನುಗಳಿವೆ. ಅವು ಎರಡೆರಡಾಗಿ ಬೆಸೆದುಕೊಂಡು ಮೂರು ಬಂಧಗಳಾದಾಗ ಮಾತ್ರ ಘಟಕ ಸರಿಯಾಗಿ ಮಡಚಿಕೊಳ್ಳುತ್ತದೆ. ಆರರಲ್ಲಿ ಒಂದು ಹೋದರೆ ಅದರ ಜೋಡಿ ಒಂಟಿಯಾಗಿ, ಮಡಿಕೆ ಕೆಡುತ್ತದೆ. ಸಿಸ್ಟೀನ್ ಕಳೆದುಕೊಂಡವರಲ್ಲಿ ಮಸೂರ ಜಾರುವುದು ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇನ್ನೊಂದು ಸೋಜಿಗವೆಂದರೆ, ಇದೇ ವಂಶವಾಹಿಯ ಬೇರೆ ಕೆಲವು ದೋಷಗಳಿಂದ, ಸಾಮಾನ್ಯವಾಗಿ ಬರುವ ಮಾರ್ಫಾನ್ ಕಾಯಿಲೆಯ ಉದ್ದ ಕೈಕಾಲುಗಳ ಬದಲು ಗಿಡ್ಡ ಮೈಕಟ್ಟು ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಎಕೋ ಪರೀಕ್ಷೆಯ (ಹೃದಯದ ಅಲ್ಟ್ರಾಸೌಂಡ್) ಮಾತೇ ಇಲ್ಲದಿರುವುದು ನನಗೆ ಕಳವಳ ತಂದಿದೆ. 1896ರಲ್ಲಿ ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫಾನ್ ಹುಡುಗಿಯೊಬ್ಬಳ ನೀಳ ಬೆರಳುಗಳನ್ನು ವರ್ಣಿಸಿದರು; ಅವರ ಹೆಸರು ಹೊತ್ತ ಕಾಯಿಲೆಗೆ ಎಫ್‌ಬಿಎನ್1 ಕಾರಣವೆಂದು 1991ರಲ್ಲಿ ಗೊತ್ತಾಯಿತು. ಈ ಕಾಯಿಲೆಯಲ್ಲಿ ಜೀವಕ್ಕೆ ಕುತ್ತು ತರುವುದು ಕಣ್ಣಲ್ಲ, ಹೃದಯದಿಂದ ಹೊರಡುವ ಮಹಾಪಧಮನಿಯ ಬುಡ. ಅದು ಯಾವ ನೋವೂ ಇಲ್ಲದೆ ವರ್ಷಗಟ್ಟಲೆ ಹಿಗ್ಗುತ್ತಾ ಬಂದು, ಒಂದು ದಿನ ಸೀಳಬಹುದು. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ತೀರಿಕೊಂಡದ್ದು ಹೀಗೆಯೇ; ಅವರಿಗೆ ಈ ಕಾಯಿಲೆ ಇದ್ದದ್ದು ಮರಣೋತ್ತರ ಪರೀಕ್ಷೆಯಲ್ಲಷ್ಟೇ ತಿಳಿಯಿತು. ಮೊದಲೇ ಗೊತ್ತಾದರೆ ಮಾಡುವುದು ಬಹಳವಿದೆ: ನಿಯಮಿತವಾಗಿ ಎಕೋದಲ್ಲಿ ಅಳತೆ ನೋಡುವುದು, ಹಿಗ್ಗುವಿಕೆಯನ್ನು ನಿಧಾನಗೊಳಿಸಲು ಅಟೆನೊಲಾಲ್ ಅಥವಾ ಲೊಸಾರ್ಟಾನ್‌ನಂಥ ಮಾತ್ರೆ, ದೊಡ್ಡವರಲ್ಲಿ ಅಗಲ ಸುಮಾರು 5 ಸೆಂಟಿಮೀಟರ್ ಮುಟ್ಟಿದಾಗ ಸೀಳುವ ಮೊದಲೇ ಶಸ್ತ್ರಚಿಕಿತ್ಸೆ. ಆದ್ದರಿಂದ ಹುಡುಗನನ್ನು ಈ ವಾರವೇ ಹೃದ್ರೋಗ ತಜ್ಞರಿಗೆ ತೋರಿಸಿ. ಅವರು ನೋಡಿ ಹೇಳುವವರೆಗೆ ಭಾರ ಎತ್ತುವ ವ್ಯಾಯಾಮ, ಕಬಡ್ಡಿಯಂಥ ಆಟ ಬೇಡ.

ಮದುವೆಯ ಬಗ್ಗೆ ಅಣ್ಣ ಅತ್ತಿಗೆ ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಸೋದರಮಾವನೊಂದಿಗಿನ ಮದುವೆ ಅಪಾಯ ಹೆಚ್ಚಿಸುವುದು, ತಂದೆ ತಾಯಿಯಿಂದ ಬಂದ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ ಬರುವ ಕಾಯಿಲೆಗಳಲ್ಲಿ. ಇಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು. ಆದರೆ ಯಾರನ್ನು ಪರೀಕ್ಷಿಸಬೇಕು ಎಂಬ ಲೆಕ್ಕ ಆ ಸಂಬಂಧದಿಂದ ತುಸು ಬದಲಾಗುತ್ತದೆ. ಮೊದಲು ಹುಡುಗನ ತಂದೆ ತಾಯಿ ಇಬ್ಬರಿಗೂ ಮಾಡಿಸಿ. ಇಬ್ಬರಲ್ಲೂ ದೋಷವಿಲ್ಲದಿದ್ದರೆ ಅದು ಅವನಲ್ಲೇ ಹೊಸದಾಗಿ ಹುಟ್ಟಿದ್ದು, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹಾಗೆಯೇ ಆಗಿರುತ್ತದೆ. ಆಗ ನಿಮ್ಮ ಮಕ್ಕಳಿಗೆ ಪರೀಕ್ಷೆ ಬೇಕಿಲ್ಲ, ಹುಡುಗನ ಒಡಹುಟ್ಟಿದವರಿದ್ದರೆ ಅವರಿಗೆ ಮಾತ್ರ ಮಾಡಿಸುವುದು ಒಳ್ಳೆಯದು. ಅಣ್ಣನಲ್ಲಿ ಕಂಡರೆ ನೀವೂ ನಿಮ್ಮ ಅಕ್ಕನೂ ಮಾಡಿಸಿಕೊಳ್ಳಬೇಕು. ಅತ್ತಿಗೆಯಲ್ಲಿ ಕಂಡರೆ ನಿಮ್ಮ ಅಕ್ಕ ಭಾವ ಇಬ್ಬರಿಗೂ ಬೇಕು, ಅಕ್ಕನಲ್ಲಿ ಸಿಕ್ಕರೆ ಸರದಿ ಮತ್ತೆ ನಿಮ್ಮದೇ. ನಿಮ್ಮಲ್ಲಿ ಇದ್ದರೆ ಮಾತ್ರ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಹೋಗುವಾಗ ಹುಡುಗನ ವರದಿಯ ಪ್ರತಿ ಒಯ್ಯಿರಿ; ಆ ಒಂದು ಬದಲಾವಣೆಯನ್ನಷ್ಟೇ ಹುಡುಕಿದರೆ ಸಾಕು, ಇಡೀ ವಂಶವಾಹಿಯನ್ನು ಓದಿಸುವ ಖರ್ಚು ಉಳಿಯುತ್ತದೆ.