ಘಾಟ್ ಹತ್ತಿದ ಮೇಲೆ ಹೆಡರ್ ಕೆಂಪಾದರೆ ಹೆದರಬೇಕಾ?

ಪ್ರಶ್ನೆ: ಸರ್, ನನ್ನದು ಕಾರ್ಬುರೇಟರ್ ಇರುವ ಹಳೆಯ ಪೆಟ್ರೋಲ್ ಕಾರು. ಆರು ತಿಂಗಳ ಹಿಂದೆ, ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡ್ ತೆಗೆಸಿ, ಅದರ ಜಾಗಕ್ಕೆ ಸ್ಟೀಲ್ ಪೈಪಿನ ಹೆಡರ್ ಹಾಕಿಸಿದೆ. ಹೋದ ವಾರ ರಾತ್ರಿ ಗೋವಾದಿಂದ ಬರುವಾಗ ಚೋರ್ಲಾ ಘಾಟನ್ನು ಜೋರಾಗಿ ಹತ್ತಿಸಿದೆ. ಮೇಲೆ ಬಂದು ಬಾನೆಟ್ ಎತ್ತಿದರೆ ನಾಲ್ಕೂ ಪೈಪು ಕೆಂಡದ ಹಾಗೆ ಹೊಳೆಯುತ್ತಿದ್ದವು. ಗೆಳೆಯ ನೀರು ಹಾಕೋಣ ಅಂದ, ನಾನು ಬೇಡ ಅಂದೆ. ಇಂಜಿನ್ ಕೆಟ್ಟಿದೆಯಾ?
– ಓದುಗರು, ಬೆಳಗಾವಿ

ಉತ್ತರ: ನೀರು ಹಾಕದೇ ಬಿಟ್ಟಿದ್ದು ಒಳ್ಳೆಯದಾಯಿತು. ಕಾದ ಪೈಪಿಗೆ ತಣ್ಣೀರು ಬಿದ್ದರೆ ಬಿದ್ದಲ್ಲಿ ಮಾತ್ರ ಕುಗ್ಗಿ, ವೆಲ್ಡಿಂಗ್ ಬಿಟ್ಟುಕೊಳ್ಳುತ್ತದೆ. ಹಳೆಯ ಬೀಡಿನದೇ ಇದ್ದಿದ್ದರೆ ಟಪ್ ಅಂತ ಸೀಳುತ್ತಿತ್ತು.

ಇನ್ನು ಕೆಂಪಿನ ವಿಷಯ. ನಿಮ್ಮೂರಿನ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸ ಮಾಡಿದವರನ್ನು ಕೇಳಿ ನೋಡಿ, ಕಾದ ಲೋಹದ ಬಣ್ಣದಿಂದಲೇ ಶಾಖ ಹೇಳುತ್ತಾರೆ. ಕತ್ತಲಲ್ಲಿ ಸುಮಾರು 525 ಡಿಗ್ರಿ ಸೆಲ್ಸಿಯಸ್‌ಗೆ ಮಂದ ಕೆಂಪು ಕಾಣಲು ಶುರುವಾಗುತ್ತದೆ. 700 ದಾಟಿದರೆ ಎದ್ದು ಕಾಣುವ ಕೆಂಪು. 900ರ ಮೇಲೆ ಕಿತ್ತಳೆ. ಪೂರ್ತಿ ಆಕ್ಸಿಲರೇಟರ್ ಒತ್ತಿ ಘಾಟ್ ಹತ್ತುವ ಪೆಟ್ರೋಲ್ ಇಂಜಿನ್ನಿನಿಂದ ಬರುವ ಹೊಗೆಯೇ 700ರಿಂದ 900 ಡಿಗ್ರಿ ಇರುತ್ತದೆ. ಅಂಥ ಗಾಳಿ ಒಳಗೆ ಹಾಯುವಾಗ ತೆಳ್ಳನೆಯ ಪೈಪು ಕೆಂಪಾಗದೆ ಇನ್ನೇನಾಗಬೇಕು? ಬೀಡು ದಪ್ಪ, ನಿಧಾನ ಕಾಯುತ್ತದೆ. ಹಾಗಾಗಿ ಮೊದಲು ನಿಮಗೆ ಇದು ಕಂಡಿರಲಿಕ್ಕಿಲ್ಲ. ಹಗಲಲ್ಲಿ ಹತ್ತಿಸಿದ್ದರೆ ಈಗಲೂ ಇಷ್ಟು ಕಾಣುತ್ತಿರಲಿಲ್ಲ.

ಅಂದರೆ ಕೆಂಪಾಗಿದ್ದೇ ರೋಗ ಅಲ್ಲ. ಯಾವಾಗ ಕೆಂಪಾಯಿತು, ಎಷ್ಟು ಬೇಗ ಆರಿತು ಅನ್ನೋದು ಮುಖ್ಯ. ನಿಲ್ಲಿಸಿ ಎರಡು ಮೂರು ನಿಮಿಷದಲ್ಲಿ ಮತ್ತೆ ಕಪ್ಪಾಗಿದ್ದರೆ ಚಿಂತೆ ಬೇಡ. ಆದರೆ ಮನೆ ಮುಂದೆ ಸುಮ್ನೆ ಐಡಲ್‌ನಲ್ಲಿ ಬಿಟ್ಟಾಗಲೂ ಕೆಂಪಾಗುತ್ತಿದೆಯಾ? ಇಲ್ಲಾ ಊರೊಳಗೆ ನಿಧಾನ ಓಡಿಸಿದಾಗ? ಹಾಗಿದ್ದರೆ ತಡ ಮಾಡಬೇಡಿ, ತೋರಿಸಿ.

ಆಗ ನಾನು ಮೊದಲು ಅನುಮಾನ ಪಡೋದು ಟೈಮಿಂಗ್ ಮೇಲೆ, ಅಂದರೆ ಪ್ಲಗ್ಗಿನ ಕಿಡಿ ಬೀಳುವ ಹೊತ್ತಿನ ಮೇಲೆ. ಕಿಡಿ ತಡವಾಗಿ ಬಿದ್ದರೆ ಪೆಟ್ರೋಲು ಸಿಲಿಂಡರಿನಲ್ಲಿ ಉರಿದು ಮುಗಿಯುವ ಮೊದಲೇ ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಪಿಸ್ಟನ್ ತಳ್ಳಬೇಕಿದ್ದ ಶಾಖ ಪೈಪಿಗೆ ಹೋಗುತ್ತದೆ. ಪಿಕಪ್ಪೂ ಸತ್ತಿರುತ್ತದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಾಗಿ ಸ್ವಲ್ಪ ತಿರುಗಿದ್ದರೂ ಸಾಕು ಇದಕ್ಕೆ. ಟೈಮಿಂಗ್ ಲೈಟ್ ಇರುವ ಮೆಕ್ಯಾನಿಕ್ಕಿಗೆ ಹತ್ತು ನಿಮಿಷದ ಕೆಲಸ. ಕಿವಿಯಲ್ಲೇ ಕೇಳಿ ಕೂಡಿಸುತ್ತೇನೆ ಅನ್ನೋರ ಹತ್ತಿರ ಹೋಗಬೇಡಿ.

ಎರಡನೆಯದು, ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪೆಟ್ರೋಲ್ ಇಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಭಾರ ಎಳೆಯುವಾಗ ಪೆಟ್ರೋಲು ಇನ್ನೂ ಸ್ವಲ್ಪ ಹೆಚ್ಚೇ ಬೇಕು, ಆ ಹೆಚ್ಚಿನದು ತಂಪು ಕೊಡುತ್ತದೆ. ನೀವು ಹೆಡರ್ ಹಾಕಿಸಿದಿರಿ, ಇಂಜಿನ್ನಿನ ಉಸಿರಾಟ ಸಲೀಸಾಯಿತು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಮಾತ್ರ ಹಳೆಯದೇ ಉಳಿದಿದೆ, ಅಲ್ವಾ? ಒಂದು ಲಾಂಗ್ ರೈಡ್ ಮುಗಿಸಿ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿಕಂದು ಇದ್ದರೆ ಸರಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಜೆಟ್ ಒಂದು ಸೈಜ್ ಏರಿಸಬೇಕು. ಹಾಗೇ ಓಡಿಸಿದರೆ ಪೈಪಿಗಿಂತ ಮೊದಲು ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ನಾಲ್ಕೂ ಪೈಪು ಒಂದೇ ಸಮ ಕೆಂಪಗಿದ್ದವು ಅಂದಿದ್ದೀರಿ, ಅದು ಒಳ್ಳೆಯ ಲಕ್ಷಣ. ಮೂರು ಕೆಂಪಾಗಿ ಒಂದು ಕಪ್ಪಾಗಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಇದಕ್ಕೊಂದು ಹಳೆಯ ಉಪಾಯ ಇದೆ. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿ, ಒಂದು ನಿಮಿಷಕ್ಕೆ ಒಂದೊಂದು ಪೈಪಿಗೂ ಬೆರಳಿನಿಂದ ಹನಿ ನೀರು ಚಿಮುಕಿಸಿ. ದೋಸೆ ಹಂಚಿನ ಹಾಗೆ ಚುಂಯ್ ಅನ್ನದ ಪೈಪೇ ಕಳ್ಳ. (ಹನಿ ಅಂದರೆ ಹನಿ, ಚೊಂಬು ಅಲ್ಲ!)

ಪೈಪಿಗೆ ಸುತ್ತುವ ಹೀಟ್ ಟೇಪ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಾನೆಟ್ ಒಳಗೆ ತಂಪಾಗುತ್ತದೆ, ನಿಜ. ಆದರೆ ಶಾಖ ಒಳಗೇ ಉಳಿದು ಪೈಪು ಇನ್ನೂ ಕಾಯುತ್ತದೆ, ಬೆಳಗಾವಿ ಮಳೆಯಲ್ಲಿ ಟೇಪು ನೀರು ಹಿಡಿದು ತುಕ್ಕು ತಿನ್ನಿಸುತ್ತದೆ. ನನ್ನ ಕಾರಿಗಾದರೆ ನಾನು ಹಾಕಿಸಲ್ಲ. ಅದರ ಬದಲು ಹೆಡರ್ ಹತ್ತಿರ ವೈರು, ರಬ್ಬರ್ ಪೈಪು ತಾಗುತ್ತಿವೆಯಾ ನೋಡಿ. ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನಿಂದ ಆಯಿಲ್ ಜಿನುಗುತ್ತಿದ್ದರೆ ಇವತ್ತೇ ಸರಿ ಮಾಡಿಸಿ. ಕೆಂಪು ಪೈಪಿನ ಮೇಲೆ ಆಯಿಲ್ ಬಿದ್ದರೆ ಬೆಂಕಿ.

ಪ್ರಶ್ನೆ: ಕಬ್ಬಿನ ಸೀಸನ್ನಿನಲ್ಲಿ ನಮ್ಮ ಟರ್ಬೊ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆಯುತ್ತದೆ. ರಾತ್ರಿ ಏರು ಬಂದರೆ ಟರ್ಬೊ ಹತ್ತಿರ ಕೆಂಪಾಗಿ, ಕರಿ ಹೊಗೆ ಬರುತ್ತದೆ. ಏನು ಮಾಡಲಿ?
– ಓದುಗರು, ಮುಧೋಳ

ಉತ್ತರ: ಡೀಸೆಲ್ಲಿನ ಲೆಕ್ಕ ಉಲ್ಟಾ. ಪೆಟ್ರೋಲ್ ಇಂಜಿನ್ನು ಪೆಟ್ರೋಲ್ ಕಡಿಮೆಯಾದರೆ ಕಾಯುತ್ತದೆ, ಡೀಸೆಲ್ ಇಂಜಿನ್ನು ಡೀಸೆಲ್ ಜಾಸ್ತಿಯಾದರೆ ಕಾಯುತ್ತದೆ. ಕರಿ ಹೊಗೆ ಹೇಳುತ್ತಿರೋದೂ ಅದನ್ನೇ: ಹೋಗುವ ಡೀಸೆಲ್ಲಿಗೆ ಗಾಳಿ ಸಾಲುತ್ತಿಲ್ಲ. ಹೊಲದ ದಾರಿಯ ಧೂಳಿಗೆ ಏರ್ ಫಿಲ್ಟರ್ ಕಟ್ಟಿರುತ್ತದೆ, ಮೊದಲು ಅದನ್ನು ತೆಗೆದು ನೋಡಿ. ಆಮೇಲೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಇಂಜಿನ್ನಿಗೆ ಹೋಗುವ ಹೋಸ್ ಪೈಪು ಸೀಳಿದೆಯಾ, ಕ್ಲಿಪ್ ಸಡಿಲ ಇದೆಯಾ ನೋಡಿ. ಜಗ್ಗಲಿ ಅಂತ ಯಾರಾದರೂ ಇಂಜಿನ್ನಿನ ಡೀಸೆಲ್ ಪಂಪಿನಲ್ಲಿ ಡೀಸೆಲ್ ಏರಿಸಿದ್ದರೆ ಇಳಿಸಿ ಕೂಡಿಸಿ. ಲೋಡೂ ಸ್ವಲ್ಪ ಕಡಿಮೆ ಮಾಡಿ, ನಿಮಗೆ ಸಿಟ್ಟು ಬಂದರೂ ಹೇಳುತ್ತೇನೆ.

ಫ್ಯಾಕ್ಟರಿ ಮುಂದೆ ಪಾಳಿ ಹಚ್ಚಿದ ಕೂಡಲೇ ಇಂಜಿನ್ ಬಂದ್ ಮಾಡಬೇಡಿ. ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ. ಬಂದ್ ಮಾಡಿದರೆ ಟರ್ಬೊಗೆ ಆಯಿಲ್ ಬರೋದು ನಿಲ್ಲುತ್ತದೆ, ಒಳಗೆ ಉಳಿದದ್ದು ಬೆಂದು ಕರಕಲಾಗಿ ಬೇರಿಂಗ್ ತಿನ್ನುತ್ತದೆ. ಮ್ಯಾನಿಫೋಲ್ಡ್ ಮೇಲೆ ರವದಿ (ಕಬ್ಬಿನ ಒಣ ಎಲೆ) ಸಿಕ್ಕಿಕೊಂಡಿದೆಯಾ ಅಂತ ಪ್ರತಿ ಖೇಪಿಗೂ ನೋಡಿ. ಒಣ ರವದಿಗೆ ಬೆಂಕಿ ಹತ್ತಲು ಅಷ್ಟು ಕೆಂಪು ಬೇಕಾಗಿಯೂ ಇಲ್ಲ.

ಪ್ರಶ್ನೆ: ಬೈಕಿನ ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪು ನೀಲಿ ಆಗಿದೆ. ತೊಂದರೆಯಾ?
– ಓದುಗರು, ವಿಜಯಪುರ

ಉತ್ತರ: ಇಲ್ಲ. ಕಾದ ಸ್ಟೀಲಿನ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿದಾಗ ಆ ಬಣ್ಣ ಬರುತ್ತದೆ, ಬರೀ ನೋಟದ ವಿಷಯ. ಹೊಸ ಬೈಕಿನಲ್ಲಿ ತಿಂಗಳೊಳಗೇ ಹಾಗಾಗಿದ್ದರೆ ಮಾತ್ರ ಮುಂದಿನ ಸರ್ವಿಸಿನಲ್ಲಿ ಪ್ಲಗ್ ನೋಡಲು ಹೇಳಿ.