ಐವತ್ತರ ಗೆರೆ ಮತ್ತು ನನ್ನ ಮೆಚ್ಚಿನ ಸೈಕಲ್ ಸ್ಪರ್ಧಿಗಳು

ನಿಮ್ಮ ಮೆಚ್ಚಿನ ವೃತ್ತಿಪರ ಸೈಕಲ್ ಸ್ಪರ್ಧಿಗಳು ಯಾರು, ಉದ್ದೀಪನ ಮದ್ದಿನ ಇಷ್ಟು ದೊಡ್ಡ ಇತಿಹಾಸ ಗೊತ್ತಿದ್ದ ಮೇಲೂ ಈ ಕ್ರೀಡೆಯನ್ನು ನಂಬಿಕೊಂಡು ನೋಡುವುದು ಹೇಗೆ ಎಂದು ಕೇಳಿದ್ದೀರಿ. ಮೊದಲು ಹೆಸರುಗಳನ್ನು ಹೇಳಿಬಿಡುತ್ತೇನೆ. ಫ್ರಾನ್ಸಿನ ಕ್ರಿಸ್ಟೋಫ್ ಬಾಸೋನ್ಸ್, ಅಮೆರಿಕದ ಗ್ರೆಗ್ ಲೆಮಾಂಡ್, ವೇಲ್ಸ್‌ನ ನಿಕೋಲ್ ಕುಕ್, ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್. ಐದನೆಯವರು ಇಟಲಿಯ ಮಾರ್ಕೊ ಪಂತಾನಿ. ಪಂತಾನಿಯವರನ್ನು ಈ ಪಟ್ಟಿಯಿಂದ ತೆಗೆಯಬೇಕೆಂದು ಹಲವು ಸಲ ಅಂದುಕೊಂಡಿದ್ದೇನೆ, ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದರಿಂದಲೇ ಉತ್ತರ ಆರಂಭಿಸುತ್ತೇನೆ.

ನಾನು ದಾವಣಗೆರೆಯ ಒಂದು ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದಲ್ಲಿ 19 ವರ್ಷಗಳಿಂದ ಲ್ಯಾಬ್ ಟೆಕ್ನಿಷಿಯನ್. ಭಾನುವಾರಗಳಲ್ಲಿ ಸೈಕಲ್ ತುಳಿಯುತ್ತೇನೆ. ಈ ಎರಡು ಸಂಗತಿಗಳು ಸೇರಿಯೇ ನನಗೆ ಈ ಇತಿಹಾಸದ ಮೇಲೆ ಆಸಕ್ತಿ ಹುಟ್ಟಿಸಿದವು, ಏಕೆಂದರೆ ಸೈಕಲ್ ಕ್ರೀಡೆಯನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಆಳಿದ್ದು ನಾವು ದಿನವೂ ಬರೆದುಕೊಡುವ ಒಂದು ಅಂಕಿ.

ಅದನ್ನು ನಾವು ಪಿಸಿವಿ ಎನ್ನುತ್ತೇವೆ, ಸೈಕಲ್ ಲೋಕದವರು ಹೆಮಟೊಕ್ರಿಟ್ ಎನ್ನುತ್ತಾರೆ. ರಕ್ತದ ಒಟ್ಟು ಗಾತ್ರದಲ್ಲಿ ಕೆಂಪುಕಣಗಳ ಪಾಲು ಶೇಕಡ ಎಷ್ಟು ಎಂಬುದೇ ಆ ಅಂಕಿ. ಈಗ ಯಂತ್ರವೇ ಲೆಕ್ಕ ಹಾಕಿ ಕೊಡುತ್ತದೆ. ನಾನು ಕೆಲಸ ಕಲಿಯುವಾಗ ಸೂಜಿಯಷ್ಟು ಸಪೂರದ ಗಾಜಿನ ಕೊಳವೆಗೆ ರಕ್ತ ಏರಿಸಿ, ಒಂದು ತುದಿ ಮುಚ್ಚಿ, ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸುತ್ತಿದ್ದೆವು. ಹೊರತೆಗೆದಾಗ ಕೆಂಪುಕಣಗಳೆಲ್ಲ ತಳದಲ್ಲಿ ಒತ್ತಾಗಿ ಕೂತಿರುತ್ತಿದ್ದವು, ಅದರ ಮೇಲೆ ಬಿಳಿಯ ತೆಳುವಾದ ಒಂದು ಪಟ್ಟಿ, ಅದರ ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ. ಆರೋಗ್ಯವಂತ ಗಂಡಸರಲ್ಲಿ ಕೆಂಪು ಭಾಗ ಸಾಮಾನ್ಯವಾಗಿ 40ರಿಂದ 50ರೊಳಗೆ ನಿಲ್ಲುತ್ತದೆ. ಕೆಂಪುಕಣ ಹೆಚ್ಚಿದಷ್ಟೂ ರಕ್ತ ಹೆಚ್ಚು ಆಮ್ಲಜನಕ ಹೊರುತ್ತದೆ, ಗಂಟೆಗಟ್ಟಲೆ ಬೆಟ್ಟ ಹತ್ತುವವನ ಕಾಲಿಗೆ ಬೇಕಾದದ್ದೂ ಅದೇ.

ಪಂತಾನಿ 1998ರಲ್ಲಿ ಜಿರೊ ಡಿ ಇಟಾಲಿಯಾ ಮತ್ತು ಟೂರ್ ಡಿ ಫ್ರಾನ್ಸ್ ಎರಡನ್ನೂ ಗೆದ್ದರು. ದಿನಕ್ಕೊಂದು ಹಂತದಂತೆ ಸುಮಾರು ಮೂರು ವಾರ ನಡೆಯುವ, ಇಟಲಿ ಮತ್ತು ಫ್ರಾನ್ಸಿನ ದೊಡ್ಡ ಸೈಕಲ್ ಓಟಗಳಿವು. ಆ ವರ್ಷದ ಜುಲೈ 27ರಂದು ಚಳಿಯ ಮಳೆಯಲ್ಲಿ ಆಲ್ಪ್ಸ್‌ನ ಗಾಲಿಬಿಯೆ ಘಾಟಿ ಹತ್ತುವಾಗ ಎಲ್ಲರನ್ನೂ ಬಿಟ್ಟು ಒಬ್ಬರೇ ಮುಂದೆ ಹೋದ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬೋಳು ತಲೆ, ಕಿವಿಯಲ್ಲಿ ಓಲೆ, ಹ್ಯಾಂಡಲ್‌ನ ಕೆಳಭಾಗ ಹಿಡಿದು ಸೀಟಿನಿಂದೆದ್ದು ನಿಂತೇ ತುಳಿಯುವ ಆ ಸಣ್ಣ ದೇಹ. ಒಟ್ಟಾರೆ ಮುಂದಿರುವವರು ತೊಡುವ ಹಳದಿ ಅಂಗಿಯಲ್ಲಿದ್ದ ಜರ್ಮನಿಯ ಯಾನ್ ಉಲ್ರಿಚ್ ಅಂದು ಸುಮಾರು ಒಂಬತ್ತು ನಿಮಿಷ ಕಳೆದುಕೊಂಡರು. ಮರುವರ್ಷ ಜೂನ್ 5ರ ಬೆಳಿಗ್ಗೆ, ಜಿರೊ ಮುಗಿಯಲು ಎರಡೇ ದಿನ ಉಳಿದಿದ್ದಾಗ, ಮಡೋನಾ ಡಿ ಕಾಂಪಿಲಿಯೊ ಎಂಬ ಊರಿನಲ್ಲಿ ತೆಗೆದ ಅವರ ರಕ್ತದಲ್ಲಿ ಹೆಮಟೊಕ್ರಿಟ್ 52 ಬಂತು. ಮಿತಿ 50 ಇತ್ತು. ಮೊದಲ ಸ್ಥಾನದಲ್ಲಿದ್ದವರನ್ನು ಮನೆಗೆ ಕಳಿಸಿದರು. 2004ರ ಫೆಬ್ರುವರಿ 14ರಂದು ರಿಮಿನಿಯ ಒಂದು ಹೋಟೆಲ್ ಕೋಣೆಯಲ್ಲಿ ಕೊಕೇನ್‌ನಿಂದ ತೀರಿಕೊಂಡಾಗ ಅವರಿಗೆ 34 ವರ್ಷ. 1998ರ ಟೂರ್‌ನಲ್ಲಿ ಸಂಗ್ರಹಿಸಿಟ್ಟಿದ್ದ ಅವರ ಮಾದರಿಯಲ್ಲಿ ಇಪಿಒ ಇತ್ತೆಂಬುದು 2013ರಲ್ಲಿ ಫ್ರಾನ್ಸಿನ ಸೆನೆಟ್ ವರದಿಯಿಂದ ಹೊರಬಂತು.

ಇಪಿಒ ಎಂದರೆ ಎರಿಥ್ರೋಪೊಯೆಟಿನ್. ನಮ್ಮ ಮೂತ್ರಪಿಂಡಗಳೇ ತಯಾರಿಸುವ, ಕೆಂಪುಕಣ ಹುಟ್ಟಿಸಲು ಅಸ್ಥಿಮಜ್ಜೆಗೆ ಹೇಳುವ ಹಾರ್ಮೋನು. ಮೂತ್ರಪಿಂಡ ಕೆಟ್ಟವರಲ್ಲಿ ಅದು ಬತ್ತುತ್ತದೆ, ಅವರ ಮುಖ ಬಿಳಿಚಿಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. 1980ರ ದಶಕದ ಕೊನೆಯಲ್ಲಿ ಇದರ ಕೃತಕ ರೂಪ ಇಂಜೆಕ್ಷನ್ ಆಗಿ ಬಂದದ್ದು ಅಂಥವರ ಪಾಲಿಗೆ ಮರುಜನ್ಮ. ಹರಿಹರದಿಂದಲೋ ಜಗಳೂರಿನಿಂದಲೋ ಬಸ್ ಹಿಡಿದು ಡಯಾಲಿಸಿಸ್‌ಗೆ ಬರುವವರ ರಕ್ತದ ವರದಿ ನನ್ನ ಕೈಯಿಂದ ಹೋಗುತ್ತದೆ. ಹಿಮೋಗ್ಲೋಬಿನ್ 7 ಇದ್ದದ್ದು 10 ಆದಾಗ ಅವರ ನಡಿಗೆಯೇ ಬೇರೆಯಾಗುವುದನ್ನು ಕಂಡಿದ್ದೇನೆ. ಅವರಿಗೂ ಅದನ್ನು 13 ದಾಟಿಸಬಾರದೆಂದು ವೈದ್ಯರು ಎಚ್ಚರ ವಹಿಸುತ್ತಾರೆ, ರಕ್ತ ದಪ್ಪವಾದರೆ ಪಾರ್ಶ್ವವಾಯುವಿನ ಭಯ. ಅದೇ ಮದ್ದನ್ನು ಜಗತ್ತಿನ ಅತ್ಯಂತ ಗಟ್ಟಿ ಹೃದಯದ ಯುವಕರು ಗುಟ್ಟಾಗಿ ಚುಚ್ಚಿಕೊಂಡು ರಕ್ತವನ್ನು ಪಾಕದಂತೆ ಮಾಡಿಕೊಂಡರು ಎಂದು ಮೊದಲು ಓದಿದ ದಿನ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವೇ ಆಯಿತು.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ 50ರ ಮಿತಿ ತಂದಾಗ ಇಪಿಒವನ್ನು ನೇರವಾಗಿ ಹಿಡಿಯುವ ಪರೀಕ್ಷೆ ಇರಲಿಲ್ಲ. ಅದು ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ. ಆದ್ದರಿಂದ ಮಿತಿ ದಾಟಿದವರಿಗೆ ಶಿಕ್ಷೆಯಲ್ಲ, ಆರೋಗ್ಯದ ನೆಪದಲ್ಲಿ ಎರಡು ವಾರ ವಿಶ್ರಾಂತಿ ಎಂದು ನಿಯಮ ಮಾಡಿದರು. ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಅದಕ್ಕೂ ಮೊದಲು 1996ರ ಟೂರ್ ಗೆದ್ದ ಡೆನ್ಮಾರ್ಕಿನ ಬ್ಯಾರ್ನೆ ರೀಸ್ ಅವರಿಗೆ ‘ಅರವತ್ತು ಪರ್ಸೆಂಟ್’ ಎಂಬ ಅಡ್ಡಹೆಸರೇ ಇತ್ತಂತೆ (ಇಪಿಒ ಬಳಸಿದ್ದನ್ನು ಅವರು 2007ರಲ್ಲಿ ಒಪ್ಪಿಕೊಂಡರು). ಆದರೆ ಪ್ರಯೋಗಾಲಯದಲ್ಲಿ ಕೂತವನಿಗೆ ಕಾಣುವುದೇ ಬೇರೆ. ಹುಟ್ಟಿನಿಂದ 42 ಇರುವವನಿಗೆ ಆ ನಿಯಮವು ಇನ್ನೂ ಎಂಟು ಅಂಕ ಏರಿಸಿಕೋ ಎಂದು ಪರವಾನಗಿ ಕೊಟ್ಟಂತಾಯಿತು, ಸಹಜವಾಗಿಯೇ 48 ಇರುವವನಿಗೆ ಎರಡೇ ಅಂಕದ ಜಾಗ ಸಿಕ್ಕಿತು. ತಂಡದ ವೈದ್ಯರು ಸಣ್ಣ ಸೆಂಟ್ರಿಫ್ಯೂಜ್ ಇಟ್ಟುಕೊಂಡು 49ರ ಆಸುಪಾಸಿನಲ್ಲಿ ನಿಲ್ಲಿಸುವುದನ್ನು ಕಲಿತರು. ಮದ್ದು ಎಲ್ಲರಿಗೂ ಒಂದೇ ಬಗೆಯಲ್ಲಿ ಒಗ್ಗುವುದಿಲ್ಲವಾದ್ದರಿಂದ, ಎಲ್ಲರೂ ತೆಗೆದುಕೊಂಡಿದ್ದರು, ಹಾಗಾಗಿ ಸ್ಪರ್ಧೆ ಸಮವೇ ಆಗಿತ್ತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಇಪಿಒಗೆ ಮುಂಚೆ ಈ ಕ್ರೀಡೆ ಶುದ್ಧವಾಗಿತ್ತೆಂದಲ್ಲ. 1924ರಲ್ಲೇ ಪೆಲಿಸಿಯೆ ಸಹೋದರರು ಟೂರ್ ಬಿಟ್ಟು ಬಂದು ಪತ್ರಕರ್ತ ಆಲ್ಬೇರ್ ಲೋಂದ್ರ್ ಮುಂದೆ ಕೊಕೇನ್, ಕ್ಲೋರೋಫಾರ್ಮ್, ಮಾತ್ರೆಗಳ ಡಬ್ಬಿ ತೆರೆದು ತೋರಿಸಿದ್ದರು. 1967ರ ಜುಲೈ 13ರಂದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಮೋಂ ವೆಂತೂ ಬೆಟ್ಟದ ಬಿಸಿಲಿನಲ್ಲಿ ಕುಸಿದು ಸತ್ತಾಗ ಅವರ ರಕ್ತದಲ್ಲಿ ಆಂಫೆಟಮಿನ್ ಸಿಕ್ಕಿತು. ಹಿಂದಿನ ವರ್ಷ ಟೂರ್‌ನಲ್ಲಿ ಮೊದಲ ಬಾರಿಗೆ ಪರೀಕ್ಷೆ ಮಾಡಿದ್ದಕ್ಕೆ ಸ್ಪರ್ಧಿಗಳು ಪ್ರತಿಭಟಿಸಿದ್ದರು. ಆಂಫೆಟಮಿನ್ ದಣಿವನ್ನು ಮರೆಮಾಚುತ್ತಿತ್ತು, ಇಪಿಒ ದೇಹವನ್ನೇ ಬದಲಿಸಿತು. ಅಲ್ಲಿಂದ ಮುಂದೆ ಮದ್ದಿಲ್ಲದವನು ಎಷ್ಟೇ ಒದ್ದಾಡಿದರೂ ಗುಂಪಿನ ಜೊತೆ ಉಳಿಯುವುದೇ ಕಷ್ಟವಾಯಿತು.

ಗುಂಪಿನ ಜೊತೆ ಉಳಿಯುವುದು ಎಂದರೇನು ಎಂಬುದನ್ನು ಇಲ್ಲಿನ ಹೆದ್ದಾರಿಯೇ ನನಗೆ ಕಲಿಸಿದೆ. ಆಷಾಢದಲ್ಲಿ, ಅಂದರೆ ಅಲ್ಲಿ ಟೂರ್ ನಡೆಯುವ ದಿನಗಳಲ್ಲೇ, ನಾವು ನಾಲ್ಕೈದು ಜನ ಬೆಳಗಿನ ಜಾವ ಆನಗೋಡು ದಾಟಿ ಭರಮಸಾಗರದವರೆಗೆ ಹೋಗುತ್ತೇವೆ. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ಹಿಂದಿರುಗುವಾಗ ಪಡುವಣ ಗಾಳಿ ಎದೆಗೇ ಬಡಿಯುತ್ತದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಏಕೆ ನೆಟ್ಟಿದ್ದಾರೆಂದು ಆಗ ಅರ್ಥವಾಗುತ್ತದೆ. ಮುಂದಿನವನ ಹಿಂದಿನ ಚಕ್ರಕ್ಕೆ ಒಂದು ಮೊಳ ಅಂತರದಲ್ಲಿ ಅಂಟಿಕೊಂಡರೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ನಮ್ಮ ಜೊತೆ ಬರುವ ಮಂಡಕ್ಕಿ ಭಟ್ಟಿಯ ಅಣ್ಣನವರು ಯಾವಾಗಲೂ ಮುಂದೆ ನಿಂತು ಗಾಳಿ ತಡೆದುಕೊಡುತ್ತಾರೆ. ಒಮ್ಮೆ ನಾನು ಆ ನೆರಳಿನಿಂದ ಹತ್ತು ಅಡಿ ಹಿಂದೆ ಬಿದ್ದೆ, ಆನಗೋಡಿನವರೆಗೂ ಮತ್ತೆ ಸೇರಿಕೊಳ್ಳಲಾಗಲಿಲ್ಲ. ಸೈಕಲ್ ಓಟದಲ್ಲಿ ಒಬ್ಬನನ್ನು ಒಂಟಿ ಮಾಡಿದರೆ ಸಾಕು, ಅವನು ಮುಗಿದಂತೆಯೇ.

ಕ್ರಿಸ್ಟೋಫ್ ಬಾಸೋನ್ಸ್ ಅವರಿಗೆ ಮಾಡಿದ್ದು ಅದನ್ನೇ. 1998ರ ಜುಲೈ 8ರಂದು, ಟೂರ್ ಆರಂಭಕ್ಕೆ ಮೂರು ದಿನ ಇರುವಾಗ, ಬಾಸೋನ್ಸ್ ಇದ್ದ ಫೆಸ್ಟಿನಾ ತಂಡದ ಸಹಾಯಕ ವಿಲಿ ವೂಟ್ ಅವರ ಕಾರನ್ನು ಬೆಲ್ಜಿಯಂ ಗಡಿಯಲ್ಲಿ ತಡೆದ ಅಧಿಕಾರಿಗಳಿಗೆ ನೂರಾರು ಬಾಟಲಿ ಮದ್ದು ಸಿಕ್ಕಿತು. ತಂಡವನ್ನೇ ಹೊರಹಾಕಿದರು, ಉಳಿದ ಸ್ಪರ್ಧಿಗಳು ರಸ್ತೆಯಲ್ಲಿ ಕೂತು ಪ್ರತಿಭಟಿಸಿದರು, ಹೊರಟ 189 ಜನರಲ್ಲಿ ಪ್ಯಾರಿಸ್ ತಲುಪಿದವರು 96. ವಿಚಾರಣೆಯಲ್ಲಿ ಸಹ ಆಟಗಾರರೇ ಹೇಳಿದ ಮಾತೆಂದರೆ, ತಂಡದಲ್ಲಿ ಮದ್ದು ಮುಟ್ಟದವನು ಬಾಸೋನ್ಸ್. ಮರುವರ್ಷ ಅವರು ಬೇರೆ ತಂಡದಿಂದ ಟೂರ್‌ಗೆ ಬಂದು, ಪತ್ರಿಕೆಯೊಂದರ ಅಂಕಣದಲ್ಲಿ ವೇಗ ಇಳಿದಿಲ್ಲ, ಏನೂ ಬದಲಾಗಿಲ್ಲ ಎಂಬರ್ಥದಲ್ಲಿ ಬರೆಯತೊಡಗಿದರು. ಗುಂಪು ಅವರೊಂದಿಗೆ ಮಾತು ಬಿಟ್ಟಿತು. ಆಲ್ಪ್ ದುಯೇಜ್ ಕಡೆಗೆ ಸಾಗುವ ಹಂತದಲ್ಲಿ ಬಾಸೋನ್ಸ್ ಮುಂದೆ ಹೋಗಲು ಯತ್ನಿಸಿದಾಗ ಹಳದಿ ಅಂಗಿಯ ಲಾನ್ಸ್ ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು, ನಿನ್ನ ಮಾತು ಕ್ರೀಡೆಗೆ ಕೇಡು, ನೀನು ಇಲ್ಲಿಂದ ಹೊರಡುವುದು ಒಳ್ಳೆಯದು ಎಂಬಂತೆ ಹೇಳಿದರು. ಸ್ವಂತ ತಂಡದವರೂ ಬೆಂಬಲಕ್ಕೆ ಬರಲಿಲ್ಲ. ಕೆಲವೇ ದಿನಗಳಲ್ಲಿ ಬಾಸೋನ್ಸ್ ಟೂರ್ ಬಿಟ್ಟು ಮನೆಗೆ ಹೋದರು, 2001ರಲ್ಲಿ ವೃತ್ತಿಯನ್ನೇ ಬಿಟ್ಟರು. ಅವರ ಹೆಸರಿನಲ್ಲಿ ಟೂರ್‌ನ ಒಂದು ಹಂತದ ಗೆಲುವೂ ಇಲ್ಲ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಆಗಿರುವುದಕ್ಕೆ ಇಷ್ಟು ಕಾರಣ ಸಾಕೆಂದುಕೊಳ್ಳುತ್ತೇನೆ.

ಆರ್ಮ್‌ಸ್ಟ್ರಾಂಗ್ ಕತೆ ನಿಮಗೆ ಗೊತ್ತೇ ಇರುತ್ತದೆ. ಕ್ಯಾನ್ಸರ್ ಗೆದ್ದು ಬಂದು 1999ರಿಂದ 2005ರವರೆಗೆ ಏಳು ಟೂರ್ ಗೆದ್ದರು, 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ತನಿಖೆಯ ನಂತರ ಏಳನ್ನೂ ಅವರಿಂದ ಕಸಿದುಕೊಳ್ಳಲಾಯಿತು, ಆ ಏಳು ವರ್ಷಗಳ ವಿಜೇತರ ಜಾಗ ಇಂದಿಗೂ ಖಾಲಿಯಿದೆ. ನಮ್ಮ ಲ್ಯಾಬಿಗೆ ಬರುತ್ತಿದ್ದ ಕ್ಯಾನ್ಸರ್ ರೋಗಿಯೊಬ್ಬರ ಕೈಯಲ್ಲಿ, ಆರ್ಮ್‌ಸ್ಟ್ರಾಂಗ್ ಅವರ ಕ್ಯಾನ್ಸರ್ ನೆರವಿನ ಸಂಸ್ಥೆ ಮಾರುತ್ತಿದ್ದ ಆ ಹಳದಿ ಪಟ್ಟಿ ನೋಡಿದ್ದೆ. ಕೀಮೋಥೆರಪಿಯ ನಡುವೆ ಆ ಪಟ್ಟಿ ಮುಟ್ಟಿಕೊಂಡು ಕೂರುತ್ತಿದ್ದ ಆ ಮನುಷ್ಯನ ನೆನಪಿನಿಂದ ನನಗೆ ಆರ್ಮ್‌ಸ್ಟ್ರಾಂಗ್ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಪಂತಾನಿಯವರೂ ಮದ್ದು ತೆಗೆದುಕೊಂಡರು, ಆದರೆ ನಿಜ ಹೇಳಿದವರನ್ನು ಬೇಟೆಯಾಡಿದವರಲ್ಲ. ಈ ವ್ಯತ್ಯಾಸವನ್ನು ನಾನು ಬಿಟ್ಟುಕೊಡಲಾರೆ.

ಆ ಕಾಲದಲ್ಲೇ ಬಾಯಿ ಬಿಟ್ಟವರು ಗ್ರೆಗ್ ಲೆಮಾಂಡ್. 1987ರಲ್ಲಿ ಬೇಟೆಯ ವೇಳೆ ಆಕಸ್ಮಿಕವಾಗಿ ಗುಂಡೇಟು ತಿಂದು ಸಾವಿನಂಚಿಗೆ ಹೋಗಿ ಬಂದವರು, 1989ರ ಟೂರ್‌ನ ಕೊನೆಯ ದಿನ 50 ಸೆಕೆಂಡು ಹಿಂದಿದ್ದು ಲಾರಾಂ ಫಿನ್ಯೋನ್ ಅವರನ್ನು ಬರೀ 8 ಸೆಕೆಂಡಿನಿಂದ ಸೋಲಿಸಿದವರು. 2001ರಲ್ಲಿ ಆರ್ಮ್‌ಸ್ಟ್ರಾಂಗ್ ಬಗ್ಗೆ ಸಂಶಯ ಆಡಿದ್ದಕ್ಕೆ ಅವರ ಹೆಸರಿನ ಸೈಕಲ್ ವ್ಯಾಪಾರಕ್ಕೂ ಪೆಟ್ಟು ಬಿತ್ತು. ನಿಕೋಲ್ ಕುಕ್ 2008ರ ಒಂದೇ ವರ್ಷದಲ್ಲಿ ಒಲಿಂಪಿಕ್ ಚಿನ್ನವನ್ನೂ ವಿಶ್ವ ಚಾಂಪಿಯನ್ ಪಟ್ಟವನ್ನೂ ಗೆದ್ದವರು. 2013ರ ಜನವರಿಯಲ್ಲಿ, ಆರ್ಮ್‌ಸ್ಟ್ರಾಂಗ್ ಟಿವಿಯಲ್ಲಿ ತಪ್ಪೊಪ್ಪಿಕೊಂಡ ವಾರವೇ, ನಿವೃತ್ತಿ ಘೋಷಿಸಿದರು. ಮೋಸ ಮಾಡಿದವರ ಕಣ್ಣೀರಿಗೆ ಜಾಗ ಸಿಗುತ್ತದೆ, ಪ್ರಾಮಾಣಿಕವಾಗಿದ್ದು ಬರಿಗೈಯಲ್ಲಿ ಹೋದವರನ್ನು ಯಾರೂ ಕೇಳುವುದಿಲ್ಲ ಎಂಬ ನೋವನ್ನು ಅಂದು ಅವರು ಬಿಡಿಸಿ ಹೇಳಿದರು.

ಇನ್ನು ನಂಬಿಕೆಯ ಪ್ರಶ್ನೆ. 2008ರಲ್ಲಿ ಬಂದ ಜೈವಿಕ ಪಾಸ್‌ಪೋರ್ಟ್ ನನ್ನ ಮಟ್ಟಿಗೆ 50ರ ಗೆರೆಗಿಂತ ಎಷ್ಟೋ ಬುದ್ಧಿವಂತಿಕೆಯ ವ್ಯವಸ್ಥೆ. ಅದು ಎಲ್ಲರಿಗೂ ಒಂದೇ ಮಿತಿ ಹಾಕುವುದಿಲ್ಲ, ಪ್ರತಿಯೊಬ್ಬರ ರಕ್ತವನ್ನು ವರ್ಷಗಟ್ಟಲೆ ಅವರದೇ ಹಳೆಯ ರಕ್ತದೊಂದಿಗೆ ಹೋಲಿಸುತ್ತದೆ. ಮುಖ್ಯವಾಗಿ ನೋಡುವುದು ಹಿಮೋಗ್ಲೋಬಿನ್ ಮತ್ತು ರೆಟಿಕ್ಯುಲೊಸೈಟ್, ಅಂದರೆ ಆಗತಾನೆ ಮಜ್ಜೆಯಿಂದ ಹೊರಬಂದ ಎಳೆಯ ಕೆಂಪುಕಣ. ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವುಗಳೊಳಗೆ ನೂಲಿನ ಸಿಕ್ಕಿನಂಥ ಗೆರೆಗಳು ಕಾಣುತ್ತವೆ. ಇಪಿಒ ಚುಚ್ಚಿಕೊಂಡರೆ ಎಳೆಯ ಕಣ ಏರುತ್ತದೆ. ತನ್ನದೇ ರಕ್ತವನ್ನು ತೆಗೆದಿಟ್ಟು ಮತ್ತೆ ಏರಿಸಿಕೊಂಡರೆ (2006ರಲ್ಲಿ ಸ್ಪೇನ್ ಪೊಲೀಸರು ವೈದ್ಯ ಫ್ಯೂಯೆಂಟೆಸ್ ಬಳಿ ಹಿಡಿದ ರಕ್ತದ ಚೀಲಗಳು ಅದಕ್ಕಾಗಿಯೇ ಇದ್ದವು) ಮಜ್ಜೆ ಕೆಲಸ ನಿಧಾನಿಸಿ ಎಳೆಯ ಕಣ ಇಳಿಯುತ್ತದೆ. ಎರಡು ಬಗೆಯ ಮೋಸವೂ ಗುರುತು ಬಿಡುತ್ತವೆ. ತೀರಾ ಸಣ್ಣ ಪ್ರಮಾಣದಲ್ಲಿ ಮಾಡಿದರೆ ತಪ್ಪಿಸಿಕೊಳ್ಳಬಹುದು, ಅದನ್ನೂ ಒಪ್ಪುತ್ತೇನೆ.

2024ರ ಟೂರ್‌ನಲ್ಲಿ ಸ್ಲೊವೇನಿಯಾದ ತಾದೆಯ್ ಪೊಗಾಚಾರ್ ಅವರು ಪ್ಲಾಟೊ ದ ಬೇಯ್ ಏರಿನಲ್ಲಿ ಪಂತಾನಿಯವರ 1998ರ ಸಮಯವನ್ನು ಮೂರು ನಿಮಿಷಕ್ಕೂ ಹೆಚ್ಚು ಅಂತರದಿಂದ ಮುರಿದಾಗ ನನಗೂ ಎದೆಯಲ್ಲಿ ಏನೋ ಚುಚ್ಚಿತು. ಸೈಕಲ್, ಟೈರ್, ಓಡುವಾಗಲೇ ಗಂಟೆಗಂಟೆಗೂ ತಿನ್ನುವ ಸಕ್ಕರೆಯ ಲೆಕ್ಕ ಎಲ್ಲವೂ ಬದಲಾಗಿವೆ. ಅವರ ವಿರುದ್ಧ ಒಂದು ಪುರಾವೆಯೂ ಇಲ್ಲ. ಪುರಾವೆಯಿಲ್ಲದೆ ಒಬ್ಬರನ್ನು ಕಳ್ಳ ಎನ್ನುವುದನ್ನು ನಾನು ಒಪ್ಪುವುದಿಲ್ಲ, ಹಾಗೆಂದು ಪ್ರಶ್ನೆ ಕೇಳುವುದನ್ನೂ ಬಿಡುವುದಿಲ್ಲ.

ಇದು ಯುರೋಪಿನ ದೂರದ ಕತೆ ಎಂದು ಕೂಡ ಅನ್ನಿಸುವುದಿಲ್ಲ. ಎರಡು ವರ್ಷದ ಹಿಂದೆ ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುತ್ತಿದ್ದ ಹುಡುಗನೊಬ್ಬ ಲ್ಯಾಬಿಗೆ ಬಂದು, ಯಾರೂ ಇಲ್ಲದ್ದು ನೋಡಿ ಕೇಳಿದ. “ಸಾರ್, ಡಯಾಲಿಸಿಸ್‌ನವರಿಗೆ ಹಾಕ್ತಾರಲ್ಲ ಆ ಇಂಜೆಕ್ಷನ್, ಅದನ್ನ ಹಾಕಿಸ್ಕೊಂಡ್ರೆ ದಮ್ಮು ಜಾಸ್ತಿ ಬರುತ್ತಂತೆ, ಹೌದಾ?” ಜಿಮ್‌ನಲ್ಲಿ ಯಾರೋ ಹೇಳಿದ್ದರಂತೆ. ಕೂರಿಸಿ ಸಿಂಪ್ಸನ್ ಕತೆ ಹೇಳಿದೆ, ರಕ್ತ ದಪ್ಪವಾದರೆ ಏನಾಗುತ್ತದೆಂದು ಹೇಳಿದೆ, ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿದೆ. ಪಿಸಿವಿ 36 ಬಂತು, ಕಬ್ಬಿಣದ ಕೊರತೆ. ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳ ನಂತರ ಅವನ ವರದಿಯಲ್ಲಿ 41 ಬರೆದು ಸಹಿ ಹಾಕಿದ್ದು ನಾನೇ.

ಗಿರ್ಮಾಯ್ ಬಗ್ಗೆ ಹೇಳದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. 2024ರ ಜುಲೈ 1ರಂದು ಟೂರ್‌ನ ಮೂರನೆಯ ಹಂತ ಟ್ಯೂರಿನ್‌ನಲ್ಲಿ ಮುಗಿಯಿತು, ನಮ್ಮಲ್ಲಿ ರಾತ್ರಿಯ ಊಟದ ಹೊತ್ತು. ಮಂಡಕ್ಕಿ ಭಟ್ಟಿಯ ಅಣ್ಣನವರ ಮನೆಯಲ್ಲಿ ಫೋನನ್ನು ಚೊಂಬಿಗೆ ಒರಗಿಸಿಕೊಂಡು ನೋಡುತ್ತಿದ್ದೆವು. ಕೊನೆಯ ಓಟದಲ್ಲಿ ಗಿರ್ಮಾಯ್ ಎಲ್ಲರಿಗಿಂತ ಮೊದಲು ಗೆರೆ ದಾಟಿದರು, ಟೂರ್‌ನ ಹಂತವೊಂದನ್ನು ಗೆದ್ದ ಮೊದಲ ಕಪ್ಪುವರ್ಣದ ಆಫ್ರಿಕನ್ ಆದರು, ಇದು ಆಫ್ರಿಕಾದವರೆಲ್ಲರ ಗೆಲುವು ಎಂದರು. ಮುಂದೆ ಇನ್ನೆರಡು ಹಂತ ಗೆದ್ದು, ಅಂಕಗಳಲ್ಲಿ ಮುಂದಿರುವವರು ತೊಡುವ ಹಸಿರು ಅಂಗಿಯನ್ನೂ ಪ್ಯಾರಿಸ್ ಬದಲು ಆ ವರ್ಷ ಟೂರ್ ಮುಗಿದ ನೀಸ್‌ವರೆಗೆ ಕಾಪಾಡಿಕೊಂಡರು. ಅಂದು ರಾತ್ರಿ ಅಣ್ಣನವರು ಎರಿಟ್ರಿಯಾ ಎಲ್ಲಿದೆ ಎಂದು ಕೇಳಿದರು. ನಕ್ಷೆ ತೆಗೆದು, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಅಸ್ಮಾರಾ ತೋರಿಸಿದೆ. ಅವರು ತಲೆಯಾಡಿಸಿ, ಆ ಕೊನೆಯ ಇನ್ನೂರು ಮೀಟರನ್ನು ಇನ್ನೊಮ್ಮೆ ಹಾಕು ಎಂದರು.